ಯಾವ ಆತ್ರಿ?

ನಮ್ಮ ಬೀಜದ ಘಟಕ ಕುಷ್ಟಗಿಯ ಹೊರಗೆ, ಹೆದ್ದಾರಿಯಿಂದ ತುಸು ಒಳಗೆ ಇದೆ. ಹೊಲಗಳಿಂದ ಬಂದ ಮೆಣಸಿನಕಾಯಿ, ಬೆಂಡೆ, ಟೊಮೆಟೊ ಬೀಜವನ್ನು ಇಲ್ಲಿ ಸ್ವಚ್ಛ ಮಾಡಿ, ಔಷಧಿ ಹಚ್ಚಿ, ಪಾಕೀಟಿಗೆ ತುಂಬುತ್ತಾರೆ. ನಾನು ಪ್ರಯೋಗಾಲಯದವನು. ಒದ್ದೆ ಕಾಗದದ ಮೇಲೆ ಬೀಜ ಇಟ್ಟು ಮೊಳಕೆ ನೋಡುವುದು ನನ್ನ ಕೆಲಸ. ಬಂದದ್ದನ್ನು ಬಂದಿದೆ, ಬಾರದ್ದನ್ನು ಬಂದಿಲ್ಲ ಎಂದು ಬರೆಯಬೇಕು; ನಾಳೆ ಬರಬಹುದು ಎಂದು ಬರೆಯುವಂತಿಲ್ಲ. ಈ ಅಭ್ಯಾಸದಿಂದಲೋ ಏನೋ, ಕಂಡದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಲು ನನಗೆ ಹೆದರಿಕೆ. ಇದನ್ನೂ ಹಾಗೆಯೇ ಬರೆಯುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಇಂಥ ವಿಷಯದಲ್ಲಿ ಹೆಸರು ಹೊರಗೆ ಬರಬಾರದೆಂದು ನಮಗೆ ತರಬೇತಿಯಲ್ಲೇ ಹೇಳಿದ್ದರು.

ಆ ತರಬೇತಿಯಿಂದಲೇ ಶುರು ಮಾಡಬೇಕು. ಕೆಲಸಗಾರರ ಕಾನೂನು, ಕೆಲಸದ ಜಾಗದಲ್ಲಿ ನಡೆದುಕೊಳ್ಳುವ ರೀತಿ ಎಂದು ಅದರ ಹೆಸರು. ಖಾಲಿ ಗೋದಾಮಿನಲ್ಲಿ ನಡೆಯಿತು. ಮುಂದೆ ಕುರ್ಚಿಗಳಲ್ಲಿ ಮ್ಯಾನೇಜರರು, ಸೂಪರ್‌ವೈಸರುಗಳು. ಹಿಂದೆ ತಾಡಪಾಲಿನ ಮೇಲೆ ಪ್ಯಾಕಿಂಗ್ ಮಾಡುವ ಹೆಂಗಸರು. ಹೇಳಿಕೊಡಲು ಬಂದವರು ಹುಬ್ಬಳ್ಳಿಯ ಒಬ್ಬ ವಕೀಲೆ. ಬಂದವರೇ ಮೊದಲು ಕುರ್ಚಿಗಳನ್ನು ತೆಗೆಸಿ ಎಲ್ಲರನ್ನೂ ತಾಡಪಾಲಿನ ಮೇಲೆ ಕೂಡಿಸಿದರು. ನಮ್ಮ ಮ್ಯಾನೇಜರರು ಸಿದ್ದಾಪುರದ ಕಡೆಯವರು, ದೊಡ್ಡ ಮೈ. ಕೆಳಗೆ ಕೂಡಲು ಅವರು ಪಟ್ಟ ಪಾಡನ್ನು ನೋಡಿ ಹಿಂದಿನಿಂದ ಯಾರೋ, "ಏಳೂ ಹೊತ್ತಿನ್ಯಾಗ ಟ್ರ್ಯಾಕ್ಟರ್ ತರಸ್ಬೇಕಾಗ್ತೈತಿ" ಅಂದರು. ಮ್ಯಾನೇಜರರೂ ನಕ್ಕರು.

ಮುಂಜಾನೆಯೆಲ್ಲ ಸಂಬಳ, ರಜೆ, ಹೆರಿಗೆ ರಜೆ, ನೇಮಕದ ಕರಾರು ಇಂಥವನ್ನೇ ಹೇಳಿದರು. ಊಟದ ನಂತರ ವಿಷಯ ಒಪ್ಪಿಗೆಗೆ ಬಂತು. ಮೇಲಿನವರು ಕೇಳಿದಾಗ ಕೆಳಗಿನವರು ಸುಮ್ಮನಿದ್ದರೆ ಅದು ಒಪ್ಪಿಗೆಯೇ? ವಕೀಲೆ ಒಂದು ಆಟ ಆಡಿಸಿದರು. ಮ್ಯಾನೇಜರರು ಮ್ಯಾನೇಜರರೇ ಆಗಬೇಕು. ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರು ಕೂಲಿಯವರಾಗಬೇಕು.

ಈ ಸೂಪರ್‌ವೈಸರು ಕಿನ್ನಾಳದವರು. ನಾನು ಕೊಪ್ಪಳದವನು. ಬೆಳಿಗ್ಗೆ ಕೊಪ್ಪಳ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಯಾರು ಮೊದಲು ಹತ್ತಿದರೂ ಮತ್ತೊಬ್ಬರಿಗೆ ಕಿಟಕಿಯ ಸೀಟಿನ ಪಕ್ಕ ಕರವಸ್ತ್ರ ಹಾಕಿರುತ್ತಿದ್ದೆವು. ಅವರು ಮಾತಿನಲ್ಲಿ ಚುರುಕು. ಆಟಕ್ಕೆ ಕರೆದ ಕೂಡಲೇ ಎದ್ದು ನಿಂತು, ಟವಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಷ್ಟಕ್ಕೇ ಹೆಂಗಸರು ನಗತೊಡಗಿದರು.

"ಏನಪ್ಪಾ, ಈ ಐತಾರ ಡ್ಯೂಟಿಗೆ ಬರ್ಬೇಕು ನೋಡು" ಎಂದರು ಮ್ಯಾನೇಜರರು, ಭಾನುವಾರದ ಕೆಲಸಕ್ಕೆ ಕರೆಯುತ್ತ.

"ಆತ್ರಿ ಸರ್ರ" ಎಂದರು ಸೂಪರ್‌ವೈಸರು, ನೆಲ ನೋಡುತ್ತ. ಆಯಿತು ರೀ ಎಂಬುದು ನಮ್ಮ ಕಡೆ ಆತ್ರಿ.

ವಕೀಲೆ ತಡೆದರು. "ಈಗ ನೀವು ಒಪ್ಪಿದ್ರೇನ್ರಿ?"

"ಎಲ್ಲಿ ಒಪ್ಪೀನ್ರಿ ಮೇಡಂ? ಆತ್ರಿ ಅಂದ್ರ ಬರ್ತೀನಿ ಅಂತ ಎಲ್ಲೈತ್ರಿ? ದೊಡ್ಡಾವ್ರ ಮುಂದ ಮಾತು ಮುಗೀಲಿ ಅಂತ ಅನ್ನೂದ್ರಿ ಅದು. ಐತಾರ ನನ್ನ ಫೋನ್ ಸ್ವಿಚ್ ಆಫ್!"

ಗೋದಾಮು ನಕ್ಕಿತು. "ಓಹೋ, ಅದಕ್ಕೇನಪ್ಪಾ ಹೋದ ಐತಾರ ನಿನ್ನ ಫೋನ್ ಹತ್ಲಿಲ್ಲ!" ಎಂದು ಮ್ಯಾನೇಜರರು ಅಂದಾಗ ನಗೆ ಇನ್ನೂ ಏರಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಗೆ ಇಳಿದ ಮೇಲೆ ವಕೀಲೆ ಕೇಳಿದರು: "ಹಂಗಾದ್ರ ಖರೇನ ಬ್ಯಾಡಾಗಿದ್ರ ಏನಂತೀರಿ?"

"ಒಲ್ಲೆ ಅಂತೀವ್ರಿ" ಎಂದರು ಪ್ಯಾಕಿಂಗ್ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯ ಅಕ್ಕ.

"ಸಾಹೇಬ್ರಿಗೆ ಅನ್ರಿ ನೋಡೂಣು."

ಅಕ್ಕ ಸೆರಗನ್ನು ಬಾಯಿಗೆ ಹಿಡಿದರು. "ಅಯ್ಯ, ಸಾಹೇಬ್ರಿಗೆ ಹೆಂಗ ಅನ್ನೂದ್ರಿ? ಒಲ್ಲೆ ಅನ್ನೂದು ಇನ್ನೊಂದು ರೊಟ್ಟಿ ನೀಡಾಕ ಬಂದ್ರ. ಇಲ್ಲಾ, ಗಂಡಗ." ಮತ್ತೆ ನಗೆ. ವಕೀಲೆ ಒಬ್ಬೊಬ್ಬರಿಂದಲೂ ಅನ್ನಿಸಲು ನೋಡಿದರು. ಎದ್ದು ನಿಂತವರೆಲ್ಲ ಮ್ಯಾನೇಜರರ ಮುಖ ನೋಡಿ, ನಕ್ಕು, ಕುಳಿತರು. ಒಬ್ಬರ ಬಾಯಿಂದಲೂ ಆ ಮಾತು ಬರಲಿಲ್ಲ. ಸಂಜೆ ಹೆಂಗಸರನ್ನು ಊರಿಗೆ ಒಯ್ಯುವ ಟೆಂಪೋದ ಹೊತ್ತಾಯಿತೆಂದು ತರಬೇತಿ ಮುಗಿಸಿದರು.

ಇದಾದ ಕೆಲವು ವಾರಗಳ ಮೇಲೆ ನಾನು ಕೇಳಿಸಿಕೊಂಡದ್ದು ಇಷ್ಟು.

ಪ್ರಯೋಗಾಲಯದ ಕಿಟಕಿ ಪಡಸಾಲೆಯ ಕಡೆಗಿದೆ. ಅದರ ಕೆಳಗೆ ಕುಡಿಯುವ ನೀರಿನ ನಲ್ಲಿ. ಪ್ಯಾಕಿಂಗ್ ಮೇಜಿನ ಒಬ್ಬ ಹೆಣ್ಣುಮಗಳು ಬಾಟಲಿಗೆ ನೀರು ಹಿಡಿಯುತ್ತಿದ್ದಳು. ಯಲಬುರ್ಗಾ ಕಡೆಯ ಹಳ್ಳಿಯವಳು. ಗುತ್ತಿಗೆದಾರನ ಟೆಂಪೋದಲ್ಲಿ ಬಂದು ಹೋಗುವವಳು. ಮೊದಲು ಹೊಲಗಳಲ್ಲಿ ಬಿಸಿಲಿಗೆ ನಿಂತು ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಮಾಡುತ್ತಿದ್ದಳು. ಇಲ್ಲಿ ನೆರಳು, ಫ್ಯಾನು, ಪಿಎಫ್ ಇದೆ ಎಂದು ಬಹಳ ಓಡಾಡಿ ಸೇರಿಕೊಂಡಿದ್ದಳು. ಸೂಪರ್‌ವೈಸರು ಬಂದು ಆಕೆಯ ಪಕ್ಕ ನಿಂತರು.

"ದಿನಾ ಆ ಟೆಂಪೋದಾಗ ಕುರಿ ತುಂಬಿದಂಗ ತುಂಬ್ಕೊಂಡು ಹೋಗ್ತೀರಿ. ನಾಳಿ ನಾ ಗಾಡಿ ತರ್ತೀನಿ. ಡ್ಯೂಟಿ ಬಿಟ್ಟ ಮ್ಯಾಲ ಗೇಟಿನ ಆಚಿ ನಿಂತಿರು. ಊರ ತನಕ ಬಿಟ್ಟು ಬರ್ತೀನಿ."

"ಟೆಂಪೋ ಐತಲ್ರಿ ಸರ್ರ."

"ಟೆಂಪೋ ಎಲ್ಲಿ ಓಡಿ ಹೋಗ್ತೈತಿ? ನಾ ಹೇಳಾಕತ್ತೀನಲ್ಲ."

"ಆತ್ರಿ" ಎಂದಳು. ಬಾಟಲಿ ಅರ್ಧವೂ ತುಂಬಿರಲಿಲ್ಲ. ಮುಚ್ಚಳ ತಿರುಗಿಸಿ ಹೋದಳು. ನಲ್ಲಿ ಸುರಿಯುತ್ತಲೇ ಇತ್ತು. ಸೂಪರ್‌ವೈಸರು ಅದನ್ನು ನಿಲ್ಲಿಸಿ ಹೋದರು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅವರು ಇರಲಿಲ್ಲ. ಗಾಡಿಯಲ್ಲಿ ಬಂದಿದ್ದರು. ಸಂಜೆ ನಾನು ಗೇಟು ದಾಟುವಾಗ ಅವರ ಗಾಡಿ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿತ್ತು. ಆ ಹೆಣ್ಣುಮಗಳು ಟೆಂಪೋದಲ್ಲಿ, ಹಿರಿಯ ಅಕ್ಕನ ಪಕ್ಕದಲ್ಲಿ ಕೂತಿದ್ದಳು. ಟೆಂಪೋ ಹೋಯಿತು.

ಅದರ ಮರುದಿನ ಆಕೆಯನ್ನು ಪ್ಯಾಕಿಂಗ್ ಮೇಜಿನಿಂದ ಎಬ್ಬಿಸಿ ಔಷಧಿ ಖೋಲಿಗೆ ಹಾಕಿದರು. ಬೀಜಕ್ಕೆ ಕೆಂಪು ಔಷಧಿ ಹಚ್ಚುವ ಖೋಲಿ ಅದು. ಕೈಗವಸು ಕೊಡುತ್ತಾರೆ, ಆದರೂ ಸಂಜೆಗೆ ಉಗುರು ಕೆಂಪಾಗುತ್ತದೆ, ತಲೆ ಹಿಡಿಯುತ್ತದೆ. ಪಾಳಿಯ ಮೇಲೆ ಎಲ್ಲರೂ ಅಲ್ಲಿಗೆ ಹೋಗಿ ಬರುತ್ತಾರೆ. ಈಕೆಯ ಪಾಳಿ ಮುಗಿಯಲೇ ಇಲ್ಲ. ಎಬ್ಬಿಸುವಾಗ ಸೂಪರ್‌ವೈಸರು ಎಲ್ಲರ ಮುಂದೆ ಒಂದು ಮಾತು ಅಂದಿದ್ದರು: "ಮಾತು ಕೊಟ್ಟು ತಪ್ಪೋರು ಟೇಬಲ್ ಮ್ಯಾಲ ಬ್ಯಾಡ." ಆ ದಿನದಿಂದ ಟೆಂಪೋದಲ್ಲಿ ಜೊತೆಯವರು ಆಕೆಯನ್ನು ಇದೇ ಕೇಳತೊಡಗಿದರು: "ಏನ ಮಾತು ಕೊಟ್ಟಿದ್ದೆವ್ವಾ?"

ಹಿರಿಯ ಅಕ್ಕನೇ ಜೊತೆಗೆ ನಿಂತು ದೂರು ಕೊಡಿಸಿದರು. ದೂರು ವಿಚಾರಿಸುವ ಆಂತರಿಕ ಸಮಿತಿ ಇದೆಯೆಂದು ತರಬೇತಿಯಲ್ಲಿ ಹೇಳಿದ್ದು ಅವರಿಗೆ ನೆನಪಿತ್ತು. ಸಾಕ್ಷಿ ಯಾರು ಎಂದಾಗ ಆ ಹೆಣ್ಣುಮಗಳು, ಅಂದು ಕಿಟಕಿಯಲ್ಲಿ ಕಂಡಿದ್ದ ನನ್ನ ಹೆಸರು ಹೇಳಿದಳು. ಹೇಳಿದ ಮೇಲೆ ಕಿಟಕಿಯ ಹತ್ತಿರ ಬಂದು ನಿಂತಳು. ಉಗುರುಗಳು ಕೆಂಪಗಿದ್ದವು.

"ಅಣ್ಣಾರ, ನಿಮ್ಮ ಹೆಸರ ಹೇಳೀನ್ರಿ. ಸಿಟ್ಟಾಗಬ್ಯಾಡ್ರಿ. ಇದು ಸುಳ್ಳು ದೂರು ಅಂತಾದ್ರ ನಾಳಿಂದ ಬರಬ್ಯಾಡ ಅಂತ ಗುತ್ತಿಗಿದಾರ ಈಗ ಅಂದ ಬಿಟ್ಟಾನ. ನೀವೇನ ಕೇಳೀರಿ, ಅಷ್ಟ ಹೇಳ್ರಿ, ಸಾಕು."

"ನೀ ಆತ್ರಿ ಅಂದದ್ದೂ ಕೇಳೀನವ್ವಾ. ಅದನ್ನೂ ಹೇಳಬೇಕಾಗ್ತೈತಿ."

"ಅಂದೀನ್ರಿ" ಎಂದಳು. "ಮತ್ತೇನನ್ನಬೇಕಾಗಿತ್ರಿ?"

ಆಕೆ ಹೋದ ಮೇಲೆ ಮೊಳಕೆಯ ಕಾಗದ ಬಿಚ್ಚಿ ಎಣಿಸಿದರೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ. ಹಾಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಸೂಪರ್‌ವೈಸರು ಕರವಸ್ತ್ರ ಹಾಕಿ ಸೀಟು ಹಿಡಿದಿದ್ದರು. ಕುಳಿತೆ. ಊರು ದಾಟಿದ ಮೇಲೆ ಅವರೇ ಮಾತು ತೆಗೆದರು.

"ಸಾಹೇಬ್ರ, ನಿಮ್ಮನ್ನೂ ಕರದಾರಂತ" ಎಂದರು. ಚಾಷ್ಟಿಗೆ, ಅಂದರೆ ತಮಾಷೆಗೆ, ನನ್ನನ್ನು ಸಾಹೇಬರೇ ಎಂದು ಕರೆಯುವುದು ಅವರ ರೂಢಿ. "ಸುಳ್ಳು ಹೇಳ್ರಿ ಅನ್ನಾಕತ್ತಿಲ್ಲ ನಾನು. ನೀವೇನ ಕೇಳೀರಿ, ಅಷ್ಟ ಹೇಳ್ರಿ. ಆಕಿ ಆತ್ರಿ ಅಂದ್ಳೋ ಇಲ್ಲೋ?"

"ಅಂದ್ಳು."

"ಮುಗೀತಲ್ರಿ ಮತ್ತ."

ಇಬ್ಬರೂ ನನ್ನಿಂದ ಕೇಳಿದ್ದು ಒಂದೇ. ಕೇಳಿಸಿಕೊಂಡಷ್ಟನ್ನೇ ಹೇಳು ಎಂದು. ನನಗೂ ಅದೇ ಸುಲಭ ಅನ್ನಿಸಬೇಕಿತ್ತು. ಆದರೆ ಒಂದು ಹೆಣ್ಣುಮಗಳ ಕೆಲಸ ಎರಡಕ್ಷರದ ಮೇಲೆ ನಿಂತಿತ್ತು, ಆ ಎರಡಕ್ಷರ ನಿಜವಾಗಿಯೂ ಆಕೆಯ ಬಾಯಿಂದಲೇ ಬಂದಿತ್ತು.

ಸಮಿತಿಯ ಅಧ್ಯಕ್ಷೆ ಕಂಪನಿಯ ಗಂಗಾವತಿ ಕಚೇರಿಯ ಹಿರಿಯ ಅಧಿಕಾರಿ. ಅವರ ಪಕ್ಕ ಹೊರಗಿನ ಸದಸ್ಯೆ, ಯಲಬುರ್ಗಾದ ನಿವೃತ್ತ ಶಿಕ್ಷಕಿ. ಇನ್ನಿಬ್ಬರು ಇದ್ದರು, ಅವರು ಬರೆದುಕೊಳ್ಳುತ್ತಿದ್ದರು. ಸೂಪರ್‌ವೈಸರು ಕೊಟ್ಟ ಹೇಳಿಕೆಯನ್ನು ಅಧ್ಯಕ್ಷೆ ನನಗೆ ಓದಿ ಹೇಳಿದರು. ಊರಿಗೆ ಬಿಡಲೇ ಎಂದು ಆಕೆಯನ್ನು ಕೇಳಿದೆ, ಆಕೆ ಒಪ್ಪಿದಳು, ಆಮೇಲೆ ಬರಲಿಲ್ಲ. ಔಷಧಿ ಖೋಲಿಗೆ ಹಾಕಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಷ್ಟು ಅದರಲ್ಲಿತ್ತು.

ನಾನು ನಲ್ಲಿಯ ಹತ್ತಿರದ ಮಾತುಗಳನ್ನು ಒಂದೊಂದಾಗಿ ಹೇಳಿದೆ. "ಟೆಂಪೋ ಐತಲ್ರಿ" ಎಂಬುದು ಆ ಹೇಳಿಕೆಯಲ್ಲಿ ಇರಲಿಲ್ಲ, ಅದನ್ನು ಹೇಳಿದೆ. ಅರ್ಧ ಬಾಟಲಿ, ಸುರಿಯುತ್ತಿದ್ದ ನಲ್ಲಿ, ಗೇಟಿನ ಹೊರಗೆ ಕಂಡ ಗಾಡಿ ಹೇಳಿದೆ. "ಆತ್ರಿ" ಎಂದದ್ದನ್ನೂ ಹೇಳಿದೆ.

"ಹಂಗಾದ್ರ ಒಪ್ಪಿದಂಗ ಆತಲ್ರಿ?" ಎಂದರು ಅಧ್ಯಕ್ಷೆ.

"ಆಕಿ ಮನಸ್ಸಿನ್ಯಾಗ ಏನಿತ್ತಂತ ನಂಗ ಹೇಳಾಕ ಬರೂದಿಲ್ರಿ ಮೇಡಂ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿಸಿಕೊಂಡಷ್ಟು ಮುಗಿದಿತ್ತು. ಆಗ ಗೋದಾಮಿನ ನಗೆ ನೆನಪಾಯಿತು. ಅದನ್ನೂ ನಾನು ನನ್ನ ಕಿವಿಯಿಂದಲೇ ಕೇಳಿದ್ದೆ. "ಆದ್ರ ಆತ್ರಿ ಅಂದ್ರ ಏನಂತ ಸೂಪರ್‌ವೈಸರ್ ಸಾಹೇಬ್ರು ಹೇಳಿದ್ದು ಕೇಳೀನ್ರಿ. ಅದನ್ನ ಹೇಳಬಹುದೇನ್ರಿ?"

"ಹೇಳ್ರಿ."

ಹೇಳಿದೆ. ಐತಾರ, ಟವಲು, ಸ್ವಿಚ್ ಆಫ್ ಆದ ಫೋನು. ದೊಡ್ಡವರ ಮುಂದೆ ಮಾತು ಮುಗಿಯಲಿ ಎಂದು ಅನ್ನುವುದು ಎಂದ ಅವರ ಮಾತನ್ನು ಅವರಂತೆಯೇ ಹೇಳಿದೆ. ಅಲ್ಲಿ ಯಾರೂ ನಗಲಿಲ್ಲ. ಬರೆಯುತ್ತಿದ್ದವರಲ್ಲೊಬ್ಬರು ಪೆನ್ನು ನಿಲ್ಲಿಸಿ ತಲೆ ಎತ್ತಿದರು. ನಿವೃತ್ತ ಶಿಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾನೂ ನೌಕರಿ ಇರೂ ತನಕ ಹೆಡ್‌ಮಾಸ್ತರಿಗೆ ಆತ್ರಿ ಅಂತನ ಬಂದೀನಿ" ಎಂದರು, ನನಗಲ್ಲ, ಅಧ್ಯಕ್ಷೆಗೆ.

ಆ ಮಾತಿನ ಬಗ್ಗೆ ಸೂಪರ್‌ವೈಸರನ್ನು ಮತ್ತೆ ಕರೆದು ಕೇಳಿದರಂತೆ. ತರಬೇತಿಯಲ್ಲಿದ್ದ ಮ್ಯಾನೇಜರರನ್ನೂ ಕೇಳಿದರಂತೆ. ಒಳಗೆ ಏನಾಯಿತೆಂದು ನನಗೆ ಗೊತ್ತಿಲ್ಲ. ಹೊರಗೆ ಬಂದು ಸೂಪರ್‌ವೈಸರು ನನ್ನ ಕಿಟಕಿಯ ಮುಂದೆ ಒಂದು ಗಳಿಗೆ ನಿಂತರು. "ಚಾಷ್ಟಿಗೆ ಅಂದದ್ದು ಅದು, ಸಾಹೇಬ್ರ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಮಿತಿ ದೂರು ನಿಜವೆಂದಿತು. ಆ ಹೆಣ್ಣುಮಗಳು ತನ್ನ ಮೇಜಿಗೆ ಮರಳಿದಳು. ಗುತ್ತಿಗೆದಾರ ಆಕೆಯನ್ನು ಬಿಡಿಸುವಂತಿಲ್ಲವೆಂದು ಕಂಪನಿಯಿಂದಲೇ ಹೇಳಿದರು. ಸೂಪರ್‌ವೈಸರಿಗೆ ಎಚ್ಚರಿಕೆ ಕೊಟ್ಟು, ಸಂಬಳದ ಏರಿಕೆ ತಡೆದು, ಗಂಗಾವತಿಯ ಗೋದಾಮಿಗೆ ವರ್ಗ ಮಾಡಿದರು. ಆಕೆಯ ಉಗುರಿನ ಕೆಂಪು ಹೋಗಲು ಬಹಳ ದಿನ ಹಿಡಿಯಿತು.

ಒಳಗಿನ ಮಾತು ಹೊರಗೆ ಬರಬಾರದು. ನಾನು ಯಾರಿಗೂ ಹೇಳಲಿಲ್ಲ. ಆದರೂ ತರಬೇತಿಯ ಆಟ ಎಲ್ಲರೂ ಕಂಡದ್ದೇ. ಘಟಕದಲ್ಲಿ ಅದೊಂದು ಮಾತಾಗಿ ಉಳಿದುಬಿಟ್ಟಿತು. ಯಾರಾದರೂ "ಆತ್ರಿ" ಅಂದರೆ ಎದುರಿನವರು, "ಯಾವ ಆತ್ರಿ?" ಅನ್ನುತ್ತಾರೆ. ಚಹಾ ತರುವವನಿಂದ ಮ್ಯಾನೇಜರರವರೆಗೆ ಎಲ್ಲರೂ. ಒಮ್ಮೆ ಹೊಸ ಸೂಪರ್‌ವೈಸರು ಸಂಜೆ ಎರಡು ತಾಸು ಹೆಚ್ಚು ಕೆಲಸಕ್ಕೆ ನಿಲ್ಲುವಿರಾ ಎಂದು ಮೇಜಿನವರನ್ನು ಕೇಳುತ್ತಿದ್ದರು. ಆ ಹೆಣ್ಣುಮಗಳ ಸರದಿ ಬಂತು.

"ಆತ್ರಿ" ಎಂದಳು.

"ಯಾವ ಆತ್ರಿ, ತಂಗಿ?"

ಆಕೆ ಪಾಕೀಟಿನ ಬಾಯಿ ಮಡಚಿ ಮುಗಿಸಿದಳು. "ನಿಲ್ಲಲಾರದ ಆತ್ರಿ ರೀ" ಎಂದಳು. ಹಿರಿಯ ಅಕ್ಕ ಪಕ್ಕದಿಂದ, "ಅಷ್ಟ ಸುತ್ತು ಹೊಡಿಯೂ ಬದ್ಲಿ ಒಲ್ಲೆ ಅನ್ನಬಾರದೇನ?" ಎಂದು ಬೆನ್ನಿಗೊಂದು ಗುದ್ದಿದರು. ಹೊಸ ಸೂಪರ್‌ವೈಸರು ಮುಂದಿನವರನ್ನು ಕೇಳಿದರು. ಮರುದಿನ ಆಕೆ ಅದೇ ಮೇಜಿನಲ್ಲಿ, ಅದೇ ಜಾಗದಲ್ಲಿದ್ದಳು. ನಾನು ಹೋಗಿ ನೋಡಿ ಬಂದೆ.

ಬೆಳಿಗ್ಗೆ ಬಸ್ಸಿನಲ್ಲಿ ಈಗ ಸಿಕ್ಕ ಸೀಟಿನಲ್ಲಿ ಕೂಡುತ್ತೇನೆ. ಇತ್ತೀಚೆಗೆ ಕೊಪ್ಪಳ ಸ್ಟ್ಯಾಂಡಿನಲ್ಲಿ ಆ ಹಳೆಯ ಸೂಪರ್‌ವೈಸರು ಸಿಕ್ಕರು. ಅವರು ಗಂಗಾವತಿ ಬಸ್ಸಿಗೆ, ನಾನು ಕುಷ್ಟಗಿಯದಕ್ಕೆ. ಆರೋಗ್ಯ, ಮಕ್ಕಳ ಶಾಲೆ ವಿಚಾರಿಸಿಕೊಂಡೆವು. ಅವರ ಮೈ ಇಳಿದಿತ್ತು. ಅವರ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, "ಒಂದಿನ ಮನೀ ಕಡೆ ಬರ್ರಿ ಸಾಹೇಬ್ರ, ಊಟಕ್ಕ" ಎಂದರು.

"ಆತ್ರಿ" ಎಂದೆ.

ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನನ್ನೇ ನೋಡಿದರು. ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ. ಹಿಂದಿನಿಂದ ಜನ ನೂಕಿದರು. ಅವರು ಒಳಗೆ ಹೋದರು.