ಎತ್ತಾಗಿ ಕೂಡುತ್ತಿದ್ದ ಮಿಸ್ತ್ರಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ಗದಿಗೆಪ್ಪ ಮಿಸ್ತ್ರಿ ಎತ್ತಾಗುತ್ತಿದ್ದ. ಅಲಂಕಾರಕ್ಕೆ ಹೇಳುತ್ತಿಲ್ಲ, ಬೈಲಹೊಂಗಲದ ನಮ್ಮ ಓಣಿಯವರೆಲ್ಲ ಕಣ್ಣಾರೆ ಕಂಡ ಸಂಗತಿಯಿದು. ಯಾವುದಾದರೂ ಗಾಡಿಯ ಮುಂದುಗಡೆ ಎರಡು ಹೆಚ್ಚಿನ ದೀಪ ಕೂಡಿಸಿದ ದಿನ, ಅವನು ಗ್ಯಾರೇಜಿನೊಳಗಿಂದ ಒಂದು ಸ್ಟೂಲು ಹೊತ್ತು ತಂದು, ಗಾಡಿಯೆದುರು ಬಹಳ ದೂರದಲ್ಲಿ ರಸ್ತೆಯ ಅಂಚಿಗಿಟ್ಟು, ಧೋತರ ಸರಿಪಡಿಸಿಕೊಂಡು ಕೂಡುತ್ತಿದ್ದ. ಆ ಸ್ಟೂಲಿನ ಕಾಲುಗಳನ್ನು ಅಳತೆ ಕೊಟ್ಟೇ ಕೊಯ್ಯಿಸಿದ್ದ. ಕೂತಾಗ ಅವನ ಕಣ್ಣು ಬಂಡಿಗೆ ಹೂಡಿದ ಎತ್ತಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಬರಬೇಕು. ಆಮೇಲೆ ಕೂಗುತ್ತಿದ್ದ: “ನಾ ಈಗ ಎತ್ತು. ಹಚ್ಚರಿ!”

ಗಾಡಿಯವನು ಹಚ್ಚುತ್ತಿದ್ದ. ಅಷ್ಟೂ ಬೆಳಕು ಮುಖಕ್ಕೆ ರಾಚಿದರೂ ಎತ್ತು ಅಲುಗುತ್ತಿರಲಿಲ್ಲ. “ಇಳಸ್ರಿ!” ಎಂಬ ಎರಡನೆಯ ಅಪ್ಪಣೆಗೆ ಡಿಪ್ಪರ್ ಒತ್ತಿದೊಡನೆ ಹೆಡ್‌ಲೈಟು ನೆಲಕ್ಕೆ ಬಾಗಬೇಕು, ಹೆಚ್ಚಿನ ದೀಪಗಳೆರಡೂ ತಟ್ಟನೆ ಆರಬೇಕು. ಆರಿದರೆ ಮಿಸ್ತ್ರಿ ಎದ್ದು, ಹಿಂದಿನ ಧೂಳು ಕೊಡವಿ, ತೀರ್ಪು ಓದುತ್ತಿದ್ದ: “ಎತ್ತು ಬದಕ್ತು. ಹೋಗ್ರಿ.”

ಈ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಅವನ ಗ್ಯಾರೇಜಿನ ಮಗ್ಗುಲಿಗೇ ನನ್ನ ಬೀಜ-ಗೊಬ್ಬರದ ಅಂಗಡಿ. ತೊಂಬತ್ತರ ದಶಕದಲ್ಲಿ ನಾನೊಂದು ಹಳೆಯ ಅಂಬಾಸಿಡರ್ ಕೊಂಡ ಮೇಲಂತೂ ನಮ್ಮ ಸಂಬಂಧ ವೈರಿನಿಂದ ಬಿಗಿಯಾಯಿತು. ಅವನ ಕೈಯ ಕೆಲಸಕ್ಕೆ ಒಂದು ಗುರುತಿತ್ತು. ಕೂಡಿಸಿದ ಪ್ರತಿ ಗಂಟಿಗೂ ಟೇಪು ಸುತ್ತಿ, ಅದರ ಮೇಲೆ ಹತ್ತಿಯ ನೂಲು ಬಿಗಿಯುತ್ತಿದ್ದ. ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ನೂಲು ಬಿಡುವುದಿಲ್ಲ ಎಂಬುದು ಅವನ ಸಿದ್ಧಾಂತ. ಯಾವ ಗಾಡಿಯ ಬಾನೆಟ್ಟು ಎತ್ತಿದರೂ, ನೂಲು ಕಂಡಲ್ಲಿ ಗದಿಗೆಪ್ಪ ಕೈಯಾಡಿಸಿದ್ದಾನೆಂದು ನಮ್ಮ ಓಣಿಯ ಯಾರು ಬೇಕಾದರೂ ಹೇಳುತ್ತಿದ್ದರು.

ಆದರೆ ಈ ಮಹಾಪುರುಷನ ನಾಲಿಗೆಗೆ ‘ನನ್ನ ತಪ್ಪು’ ಎಂಬ ಮಾತು ಹತ್ತುತ್ತಿರಲಿಲ್ಲ. ಒಮ್ಮೆ ನನ್ನ ಅಂಬಾಸಿಡರ್ ಅವನ ಕೈಯಿಂದ ಬಂದ ಮರುದಿನ, ಬ್ರೇಕು ತುಳಿದಾಗಲೆಲ್ಲ ಹಾರ್ನು ಬಾರಿಸತೊಡಗಿತು. ಹೆಂಡತಿಯೊಡನೆ ಸವದತ್ತಿಗೆ ಹೊರಟಿದ್ದೆ. ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲೂ ನಮ್ಮದು ಬ್ಯಾಂಡಿಲ್ಲದ ಮೆರವಣಿಗೆ. ಮರಳಿ ಬಂದು ಕೂಗಾಡಿದರೆ ಮಿಸ್ತ್ರಿ ಶಾಂತನಾಗಿ, “ಇಲಿ ಕಡದಿರಬೇಕ್ರಿ ಸಾವ್ಕಾರ್ರ. ಆದ್ರೂ ಬ್ರೇಕ್ ಹಾಕಿದಾಗ ಹಾರ್ನ್ ಆದ್ರ ಚಲೋನ ಅಲ್ಲೇನ್ರಿ? ಹಿಂದಿನಾಂವಗ ಕಣ್ಣಿಲ್ಲದಿದ್ರೂ ಕಿವಿ ಇರತಾವು!” ಎಂದ.

ಹೆಚ್ಚಿನ ದೀಪದ ವಿಷಯಕ್ಕೆ ಬಂದರೆ ಮಾತ್ರ ನಗೆಯಿರಲಿಲ್ಲ. ಅವುಗಳ ವೈರನ್ನು ಹೆಡ್‌ಲೈಟಿನ ಮೇಲ್ಬೆಳಕಿಗೇ ಕೂಡಿಸಬೇಕು. ಅದು ಇಳಿದರೆ ಇವು ಆರಲೇಬೇಕು. ಬೇರೆ ಸ್ವಿಚ್ಚು ಇಟ್ಟರೆ ಡ್ರೈವರು ಆರಿಸುವುದಿಲ್ಲವೆಂದು ಅವನ ನಂಬಿಕೆ. ಆ ಬೇರೆ ಸ್ವಿಚ್ಚಿಗೆಂದೇ ಡ್ರೈವರುಗಳು ಕಾಡುತ್ತಿದ್ದರು.

“ಎದರಿನ ಲಾರಿಯಾಂವ ಇಳಸಂಗಿಲ್ಲ. ನಾ ಯಾಕ ಇಳಸ್ಲಿ ಮಿಸ್ತ್ರಿ?”

“ಲಾರಿಯಾಂವ ಇರಲೋ. ಹಿಂದ ಕಬ್ಬಿನ ಬಂಡಿ ಬರತೈತಿ. ಮನಷ್ಯಾನ ಕಣ್ಣಿಗೆ ಬೆಳಕ ಹೊಡದ್ರ ಬೈತಾನ. ಎತ್ತು ಬೈಯಂಗಿಲ್ಲ, ನಡು ಹಾದ್ಯಾಗ ನಿಂತ ಬಿಡತೈತಿ. ಬ್ಯಾರೆ ಸ್ವಿಚ್ ಬೇಕಂದ್ರ ಬ್ಯಾರೆ ಗ್ಯಾರೇಜ್ ನೋಡ್ಕೋ, ನಡಿ.”

ಬೇರೆ ಗ್ಯಾರೇಜು ನೋಡಿಕೊಂಡವನು ಅವನ ಮಗನೇ.

ಶಿವಾನಂದ ಬೈಲಹೊಂಗಲದಿಂದ ಮುರಗೋಡದ ಮೇಲೆ ಸವದತ್ತಿಗೆ ಜನ ತುಂಬಿಕೊಂಡು ಟ್ರ್ಯಾಕ್ಸ್ ಹೊಡೆಯುತ್ತಿದ್ದ. ಅಪ್ಪನೇ ಅದಕ್ಕೆ ದೀಪ ಕೂಡಿಸಿ, ಎತ್ತಾಗಿ ಕೂತು, ತೀರ್ಪು ಕೊಟ್ಟು ಕಳಿಸಿದ್ದ. ಮಗ ರಾಮದುರ್ಗದ ಕಡೆ ಹೋದಾಗ ಯಾರಿಂದಲೋ ವೈರು ಬದಲಿಸಿಕೊಂಡು ಬೇರೆ ಸ್ವಿಚ್ಚು ಹಾಕಿಸಿದ.

ಕಬ್ಬಿನ ಹಂಗಾಮು. ಮುಸ್ಸಂಜೆ. ಮುರಗೋಡದ ಈಚೆ ಫಕೀರಪ್ಪನೆಂಬ ರೈತ ಬಂಡಿ ಹೊಡೆದುಕೊಂಡು ಎದುರು ಬರುತ್ತಿದ್ದ. ಶಿವಾನಂದನ ಟ್ರ್ಯಾಕ್ಸಿನ ಬೆಳಕು ಹೊಡೆದು ಒಂದೆತ್ತು ನಿಂತೇಬಿಟ್ಟಿತು; ಇನ್ನೊಂದು ಜಗ್ಗಿತು; ಬಂಡಿ ರಸ್ತೆಗೆ ಅಡ್ಡವಾಯಿತು. ಟ್ರ್ಯಾಕ್ಸ್ ಬಂದು ಗುದ್ದಿ, ನಿಂತ ಎತ್ತು ಅಲ್ಲೇ ಸತ್ತಿತು. ಕಬ್ಬಿನ ಹೊರೆಯ ಕೆಳಗೆ ಸಿಕ್ಕ ಫಕೀರಪ್ಪನ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಮರುದಿನ ಟ್ರ್ಯಾಕ್ಸನ್ನು ಎಳೆತಂದು ನಮ್ಮ ಓಣಿಯ ಬಾಯಲ್ಲಿ ನಿಲ್ಲಿಸಿದ್ದರು. ಗಾಡಿ ತಪಾಸಣೆಗೆ ಬಂದ ಸಾಹೇಬರು ಬಾನೆಟ್ಟು ಎತ್ತಿಸಿದರು. ಓಣಿಯೇ ಸುತ್ತ ನೆರೆದಿತ್ತು. ಗಂಟುಗಳಲ್ಲೆಲ್ಲ ನೂಲಿತ್ತು. ಒಂದು ವೈರು ಮಾತ್ರ ನೇರ ಬ್ಯಾಟರಿಯಿಂದ ಹೊರಟು ಸ್ವಿಚ್ಚಿಗೆ ಹೋಗಿತ್ತು; ಅದರ ಗಂಟಿಗೆ ಬರೀ ಟೇಪು. ನಾವೆಲ್ಲರೂ ಅದನ್ನೇ ನೋಡುತ್ತಿದ್ದೆವು.

“ಇದನ್ನ ಯಾರು ಹಚ್ಚಿದ್ದು?” ಸಾಹೇಬರು ಕೇಳಿದರು.

ಬೇಕೆಂದೇ ಹಾಕಿಸಿದ್ದೆಂದು ತಿಳಿದರೆ ಶಿವಾನಂದನ ಲೈಸೆನ್ಸು ಹೋಗುತ್ತಿತ್ತು, ಜೈಲೂ ದೂರವಿರಲಿಲ್ಲ. ಅವನು ನೆಲ ನೋಡುತ್ತ ನಿಂತಿದ್ದ. ಗದಿಗೆಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ.

“ನಾನ ಹಚ್ಚೇನ್ರಿ ಸಾಹೇಬ್ರ. ತಪ್ಪ ಕಡೆ ಹಚ್ಚೇನಿ. ಹುಡುಗ ಡಿಪ್ಪರ್ ಹೊಡದಾನ, ಇವು ಆರಿಲ್ಲ.”

“ಹಚ್ಚಿದ ಮೇಲೆ ನೋಡಲಿಲ್ಲೇನು?”

“ಇಲ್ರಿ. ಅವತ್ತ ನಾ ಎತ್ತಾಗಿ ಕುಂಡರಲಿಲ್ಲ.”

ಸಾಹೇಬರಿಗೆ ಈ ಮಾತು ತಿಳಿಯಲಿಲ್ಲ. ನಮಗೆ ತಿಳಿಯಿತು. ಸಾಹೇಬರು ಮಿಸ್ತ್ರಿಗೆ ಚೆನ್ನಾಗಿ ಬೈದರು, ಮುದಿ ಕಣ್ಣಿಗೆ ಈ ಉದ್ಯೋಗ ಬೇಡವೆಂದರು. ಅವನು “ಹೌದ್ರಿ, ಹೌದ್ರಿ” ಎಂದ. ಮಗನ ಲೈಸೆನ್ಸು ಉಳಿಯಿತು.

ಇನ್ನು ಮಿಸ್ತ್ರಿಯ ಕಡೆ ಗಾಡಿಗಳು ಬರಲಾರವು ಎಂದುಕೊಂಡೆ. ಜನ ನನ್ನ ಎಣಿಕೆಗಿಂತ ದೊಡ್ಡವರು. ಗಾಡಿಗಳು ಮೊದಲಿಗಿಂತ ಹೆಚ್ಚೇ ಬಂದವು.

“ಮಿಸ್ತ್ರಿ, ಮಗನ ಗಾಡಿಗೆ ಮಾಡಿದ್ರಲ್ಲ ಆ ತಪ್ಪು, ಅದನ್ನ ನಮ್ಮ ಗಾಡಿಗೂ ಒಂದೀಟ ಮಾಡಿ ಕೊಡ್ರಿ.”

“ಆಗಂಗಿಲ್ಲ.”

“ಮಗಗ ಆಕ್ಕೈತಿ, ನಮಗ ಆಗಂಗಿಲ್ಲೇನ್ರಿ?”

ಬ್ರೇಕಿನಲ್ಲಿ ಬಾರಿಸುವ ಹಾರ್ನಿಗೂ ಸಮಜಾಯಿಷಿ ಕೊಟ್ಟ ಗದಿಗೆಪ್ಪ ಈಗ ಇಕ್ಕಳವನ್ನು ಕೈಯಲ್ಲಿ ತಿರುಗಿಸುತ್ತ ಒಳಗೆ ಹೋಗಿಬಿಡುತ್ತಿದ್ದ.

ಅದೇ ದಿನಗಳಲ್ಲಿ ಅವನು ಫಕೀರಪ್ಪನಿಗೆ ಒಂದು ಎತ್ತು ಕೊಡಿಸಿದ. ಅದನ್ನು ಮುರಗೋಡಕ್ಕೆ ಮುಟ್ಟಿಸಿದ ದಿನ ನನ್ನ ಕಾರಿನಲ್ಲೇ ಅವನನ್ನು ಕರೆದೊಯ್ದಿದ್ದೆ. ಫಕೀರಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಎತ್ತನ್ನು ಹತ್ತಿರ ಕರೆಸಿಕೊಂಡು ಹಲ್ಲು ನೋಡಿದ, ಮೈದಡವಿದ.

“ಎತ್ತ ಚಲೋ ಐತಿ, ಮಿಸ್ತ್ರಿ. ಖರೇ, ಒಂದ ಮಾತ ಹೇಳು. ನೀ ತಪ್ಪ ಹಚ್ಚಿದಿ, ಹೆಚ್ಚಿನ ದೀಪ ಆರಲಿಲ್ಲ, ಒಪ್ಪಿದೆ. ಹುಡುಗ ಡಿಪ್ಪರ್ ಹೊಡದಿದ್ರ ಗಾಡೀವು ದೊಡ್ಡ ದೀಪಾರ ಇಳೀಬೇಕಿತ್ತಲ್ಲೋ? ಅವೂ ಇಳೀಲಿಲ್ಲ. ನಾ ಕಣ್ಣ ತೆರದ ಕುಂತಿದ್ನೆಪಾ.”

ಗದಿಗೆಪ್ಪ ಎತ್ತಿನ ಗೊರಸು ನೋಡುತ್ತಿದ್ದ.

“ಎತ್ತ ಕೊಟ್ಟಿ,” ಎಂದ ಫಕೀರಪ್ಪ. “ಖರೇ ಮಾತ ಕೊಡಲಿಲ್ಲ.” ಹೆಂಡತಿಯನ್ನು ಕರೆದು ನಮಗೆ ಚಹಾ ಮಾಡಲು ಹೇಳಿದ. ಆ ಚಹಾವನ್ನು ಹೇಗೆ ಕುಡಿದೆವೋ ತಿಳಿಯದು.

ಮರಳುವ ದಾರಿಯಲ್ಲಿ ಅವನೇ ಮಾತೆತ್ತಿದ: “ಹುಡುಗ ಇನ್ನೂ ಭಾಳ ವರ್ಷ ಗಾಡಿ ಹೊಡೀಬೇಕಲ್ರಿ ಸಾವ್ಕಾರ್ರ. ನನ್ನ ಹೆಸರ ಒಂದ ಹೋಗತೈತಿ, ಹೋಗ್ಲಿ ಅಂದ್ಕೊಂಡಿದ್ದೆ...”

ಸ್ವಲ್ಪ ದಿನಕ್ಕೆ ಗ್ಯಾರೇಜು ಮುಚ್ಚಿ ತನ್ನೂರು ಸಂಪಗಾಂವಕ್ಕೆ ಹೋದ. ಸಾಮಾನನ್ನೆಲ್ಲ ಯಾರಿಗೋ ಕೊಟ್ಟು, ಸ್ಟೂಲು ಮಾತ್ರ ಒಯ್ದ. ಮರುವರ್ಷ ನನ್ನ ಕಾರಿಗೆ ಅವನು ಕೂಡಿಸಿದ್ದ ಹೆಚ್ಚಿನ ದೀಪಗಳಿಗೆ ಹೊಸ ಬಲ್ಬು ಹಾಕಿಸಿದಾಗ ಸುಮ್ಮನೆ ಒಂದು ನೆವ ಮಾಡಿಕೊಂಡು ಅಲ್ಲಿಗೆ ಹೋದೆ. ಅದೇ ನಮ್ಮ ಕಡೆಯ ಭೇಟಿ. ಮುಂದಿನ ಕಬ್ಬಿನ ಹಂಗಾಮಿಗೆ ಅವನಿರಲಿಲ್ಲ.

ಸಣ್ಣಗಾಗಿದ್ದ. ಆದರೂ ದೀಪವೆಂದ ಕೂಡಲೇ ಸ್ಟೂಲು ಎತ್ತಿಕೊಂಡು ರಸ್ತೆಗೆ ಬಂದ. ದೂರ ಹೋಗಿ ಕೂತ. “ಹಚ್ಚರಿ” ಎಂದ, ‘ನಾ ಈಗ ಎತ್ತು’ ಎನ್ನುವ ಮಾತು ಬರಲಿಲ್ಲ. ಹಚ್ಚಿದೆ. ಬೆಳಕಿನಲ್ಲಿ ಅವನ ಬಿಳಿ ಗಡ್ಡ, ಮಿಟುಕದ ಕಣ್ಣು. “ಇಳಸ್ರಿ” ಎಂದ. ಇಳಿಸಿದೆ. ದೀಪಗಳೆರಡೂ ತಟ್ಟನೆ ಆರಿದವು. ಅವನು ಏಳಲಿಲ್ಲ. ಕಾರಿನಿಂದಿಳಿದು ಹತ್ತಿರ ಹೋದೆ.

“ಆರಿದ್ವಲ್ಲೋ ಮಿಸ್ತ್ರಿ?”

“ಆರ್ಯಾವ್ರಿ.”

“ಮತ್ತ?”

ನಿಧಾನವಾಗಿ ಎದ್ದ. ವಾಡಿಕೆಯಂತೆ ಹಿಂದಿನ ಧೂಳು ಕೊಡವಿದ. ಸ್ಟೂಲನ್ನು ಕಂಕುಳಲ್ಲಿಟ್ಟುಕೊಂಡ. ನನ್ನ ಕಿವಿ ‘ಎತ್ತು ಬದಕ್ತು’ ಎಂಬ ಆ ಹಳೆಯ ಮಾತಿಗೆ ಕಾಯುತ್ತಿತ್ತು.

“ಹೋಗ್ರಿ,” ಎಂದ. ಅಷ್ಟೇ ಅಂದ.