ಭರಮವ್ವನ ಇನ್ನೂರು ದನಿಗಳು

ಪ್ರಮಿಳಾಳ ವಿಷಯ ಎತ್ತಿದರೆ ಅವಳಿಗಿಂತ ನನಗೇ ಹೆಚ್ಚು ಸಿಟ್ಟು. ಖಾಸಬಾಗದ ಕಂಪ್ಯೂಟರ್ ಕ್ಲಾಸಿನಲ್ಲಿ ಒಂಬತ್ತು ವರ್ಷದಿಂದ ಇಬ್ಬರೂ ಕಲಿಸುತ್ತಿದ್ದೇವೆ. ಅವಳು ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಅದೇ ಅವಳ ಕೇಡು.

ನಮ್ಮ ಜೊತೆಗೇ ಕಲಿಸುತ್ತಿದ್ದ ಸುಜಯ ಮಕ್ಕಳಿಗೆ ಪದ ಕಲಿಸುವ ಪ್ರೋಗ್ರಾಂ ಮಾಡುತ್ತೇನೆಂದು ಹೊರಟ. ಚಿತ್ರ ಒತ್ತಿದರೆ ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಕೇಳಬೇಕು. ಪದ ಆರಿಸಿದವಳು, ಚಿತ್ರ ಬರೆದವಳು ಪ್ರಮಿಳಾ. ದನಿ ಖಾನಾಪುರದಲ್ಲಿರುವ ಅವಳ ತಾಯಿ ಭರಮವ್ವನದು. ಕುರಿ ಕಾಯ್ದು ಬೆಳೆದ ಆ ಮುದುಕಿ ಬರೀ ‘ಕುರಿ’ ಎಂದು ಸುಮ್ಮನಾಗುವವಳಲ್ಲ, ‘ಹುರ್ರ್ಯೋ, ಬಾ ಬಾ’ ಎಂದು ಹಿಂಡು ಕರೆದೂ ತೋರಿಸುವವಳು. ಮೂರು ಭಾನುವಾರ ಅವಳ ಕೈಯ ರೊಟ್ಟಿ ತಿಂದು ಸುಜಯ ಇನ್ನೂರು ಪದ ರೆಕಾರ್ಡ್ ಮಾಡಿಕೊಂಡ.

ಪ್ರೋಗ್ರಾಂ ಬಂತು. ಮೊದಲ ಪರದೆಯಲ್ಲಿ ಸುಜಯನ ಹೆಸರೊಂದೇ! ಪ್ರಮಿಳಾಗೆ ಸಿಕ್ಕಿದ್ದು ಒಂದು ವರ್ಷ ಮಾತ್ರ ನಡೆಯುವ ಒಂದು ಪ್ರತಿ. ಅವನು ಸದಾಶಿವನಗರದಲ್ಲಿ ಆಫೀಸು ತೆರೆದ, ಇವಳು ನುಂಗಿಕೊಂಡಳು.

ಕಳೆದ ಶ್ರಾವಣದಲ್ಲಿ ಭರಮವ್ವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಪ್ರಮಿಳಾ ಸುಜಯನ ಆಫೀಸಿಗೆ ಓಡಿದಳು, ನಾನೂ ಹೋಗಿದ್ದೆ.

“ತಮ್ಮಾ, ನನಗ ಪ್ರೋಗ್ರಾಂ ಬ್ಯಾಡ. ಅವ್ವನ ದನಿ ಅಷ್ಟ ಕೊಡು.”

“ಎಲ್ಲಿಂದ ಕೊಡ್ಲಿ ಅಕ್ಕಾ? ಮೂಲ ಫೈಲು ಅಳಿಸೇನಿ. ಪ್ರೋಗ್ರಾಂ ಒಳಗ ಹೋದವು ಬೀಸಿದ ಹಿಟ್ಟು ಇದ್ದಂಗ. ಹಿಟ್ಟಿನ್ಯಾಗಿಂದ ಜೋಳ ಆರಿಸಾಕ ಬರತೈತೇನು?”

ನಂಬಿದೆವು. ಟೈಪಿಂಗು, ಲೆಕ್ಕಪತ್ರ ಕಲಿಸುವ ನಮಗೆ ಪ್ರೋಗ್ರಾಮಿನ ಹೊಟ್ಟೆಯೊಳಗಿನದು ಏನು ಗೊತ್ತು?

ಆದರೂ ಅವಳು ಆಗಾಗ ಆ ಹಳೆಯ ಪ್ರತಿ ತೆರೆಯುತ್ತಿದ್ದಳು. ‘ಅವಧಿ ಮುಗಿದಿದೆ’ ಎಂದು ಬರುತ್ತಿತ್ತು, ಮುಚ್ಚುತ್ತಿದ್ದಳು. ಒಂದು ಶನಿವಾರ ಮುಚ್ಚದೆಯೇ ಚಹಾ ತರಲು ಎದ್ದಳು. ಕ್ಲಾಸಿನ ಹಳೆಯ ಮಷಿನುಗಳಲ್ಲಿ ಪ್ರತಿ ಶನಿವಾರ ತಾತ್ಕಾಲಿಕ ಫೈಲುಗಳ ಕಸ ಗುಡಿಸುವುದು ನನ್ನ ಕೆಲಸ. ಅವಳ ಮಷಿನಿಗೆ ಕೂತೆ. ಕಸದಲ್ಲಿ ಹೊಸದೊಂದು ಫೋಲ್ಡರು. ಒಳಗೆ ಕುರಿ, ಕೊಡಲಿ, ಕಂಬಳಿ... ಇನ್ನೂರೂ ಇದ್ದಂತೆಯೇ ಇದ್ದವು! ಅವಧಿ ಮುಗಿದಿದ್ದರೂ ಪ್ರೋಗ್ರಾಂ ತೆರೆದಾಗ ತನ್ನ ಗಂಟು ಅಲ್ಲಿ ಬಿಚ್ಚಿ ಇಡುತ್ತದೆ, ಮುಚ್ಚಿದಾಗ ಅಳಿಸುತ್ತದೆ. ಯಾವ ಹಿಟ್ಟು, ಯಾವ ಬೀಸುಕಲ್ಲು! ಅದನ್ನು ಮಾಡಿದವನಿಗೆ ಇದು ಗೊತ್ತಿರಲಿಲ್ಲವೇ?

“ಪ್ರಮಿಳಾ, ಅದನ್ನ ಮುಚ್ಚಬ್ಯಾಡ!” ಎಂದು ಚಹಾ ಹಿಡಿದು ಬಂದವಳಿಗೆ ಕಿರುಚಿ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿದೆ.

ಇನ್ನೂರರ ಕೊನೆಗೆ ಹೆಸರಿಲ್ಲದ ಒಂದು ಫೈಲಿತ್ತು. ರೆಕಾರ್ಡಿಂಗ್ ನಿಲ್ಲಿಸಲು ಮರೆತದ್ದು. ಕೇಳದೆಯೇ ಫೋಲ್ಡರು ಪೂರ್ತಿ ಪ್ರೋಗ್ರಾಮಿಗೆ ತುರುಕಿದ್ದ ಪುಣ್ಯಾತ್ಮ.

“ತಮ್ಮಾ, ಇದರಾಗ ನನ್ನ ಮಗಳ ಹೆಸರೂ ಹಾಕ್ತಿ ಹೌದಿಲ್ಲೋ?” ಭರಮವ್ವನ ದನಿ.

“ಮೊದಲ ಅಕ್ಕನ ಹೆಸರು, ಆಮ್ಯಾಲೆ ನಂದು. ನಿನ್ನ ಆಣಿ, ಆಯಿ.” ಸುಜಯನ ದನಿ.

ಪ್ರಮಿಳಾ ಅಂದು ನನ್ನೆದುರು ಮೊದಲ ಸಲ ಅತ್ತಳು.

ಮರುದಿನ ಖಾನಾಪುರಕ್ಕೆ ಹೋಗಿ ಆ ದನಿಗಳನ್ನು ಹಚ್ಚಿದೆವು. ತನ್ನ ಕೂಗು ಕೇಳುತ್ತಲೇ ಭರಮವ್ವನ ಕಣ್ಣು ತುಂಬಿತು, ಆಡುವ ಒಂದು ಕೈ ಹಾಸಿಗೆಯ ಮೇಲೆ ತಾಳ ಹಾಕಿತು. ಪದಗಳು ಒಂದರ ಹಿಂದೊಂದು ಬಂದು, ನಾವು ತಡೆಯುವಷ್ಟರಲ್ಲಿ ಆ ಕೊನೆಯದೂ ಕೇಳಿಸಿಬಿಟ್ಟಿತು. ಮುದುಕಿ ಹುಬ್ಬೇರಿಸಿ ಮಗಳನ್ನು ನೋಡಿದಳು.

“ಹಾಕ್ಯಾನವ್ವ,” ಎಂದಳು ಪ್ರಮಿಳಾ. “ಮೊದಲ ನಂದ ಹಾಕ್ಯಾನ.”

ಭರಮವ್ವ ನಕ್ಕಳು. ಅವನ ಮಾತನ್ನು ಉಳಿಸುವ ಸುಳ್ಳನ್ನೂ ಇವಳೇ ಹೇಳಬೇಕಾಯಿತು.