ಮಾತಿಗೆ ಕಾದ ಅಕ್ಕಾತಾಯಿ

ಅಕ್ಕಾತಾಯಿ ನಿಂತುಕೊಂಡು ಮಗುವಿನ ಜೊತೆ ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ. ತೆವಳುವ ಕೂಸಾದರೆ ಅಂಗಳದಲ್ಲಿ ಬೋರಲಾಗಿ ಮಲಗಿಬಿಡುತ್ತಿದ್ದಳು. ಅರವತ್ತು ದಾಟಿದ ದಪ್ಪ ಹೆಂಗಸು, ಕಚ್ಚೆ ಹಾಕಿ ಉಟ್ಟ ಸೀರೆ, ಹಣೆಯ ಮೇಲೆ ಹಸಿರು ಹಚ್ಚೆ, ಗದ್ದ ನೆಲಕ್ಕೆ. ಎದುರಿಗೆ ಯಾರದೋ ಎಂಟು ತಿಂಗಳ ಕೂಸು. ಇಬ್ಬರ ಮೂಗಿನ ನಡುವೆ ಒಂದು ಗೇಣು ಬಿಸಿಲು. ನಿಪ್ಪಾಣಿಯ ಆ ಗಲ್ಲಿಯನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಆ ಬಿಸಿಲು, ಅದರಲ್ಲಿ ಮೆಲ್ಲಗೆ ತೇಲುತ್ತಿದ್ದ ತಂಬಾಕಿನ ಧೂಳು. ಊರೆಲ್ಲ ಅರೆನಿದ್ದೆಯಲ್ಲಿರುವಂತೆ ತೋರುವ ಆ ಮಧ್ಯಾಹ್ನಗಳಲ್ಲಿ ಪೂರ್ತಿ ಎಚ್ಚರವಾಗಿದ್ದವಳು ಆಕೆಯೊಬ್ಬಳೇ.

ಆಕೆ ಮೂವತ್ತು ವರ್ಷ, ಸೊಪ್ಪು ಹದಮಾಡಿ ಚೀಲ ತುಂಬುವ ತಂಬಾಕಿನ ವಖಾರಿಯಲ್ಲಿ ದುಡಿದವಳು. ಕೆಲಸ ಬಿಟ್ಟ ಮೇಲೆ ಬೀಡಿ ಕಟ್ಟುವ ಹೆಂಗಸರ ಕೂಸುಗಳನ್ನು ತನ್ನ ಪಡಸಾಲೆಯಲ್ಲಿ ಆಡಿಸಿಕೊಂಡಿದ್ದಳು. ನಾನು ಅಲ್ಲಿಯ ಶಾಲೆಯಲ್ಲಿ ಶಿಕ್ಷಕಿ. ನಮ್ಮದು ಆಕೆಯ ಎದುರು ಮನೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ವೈಶಾಲಿಗೆ ಆಗ ಎರಡೂವರೆ ವರ್ಷ. ನಾನೂ ನಮ್ಮ ಯಜಮಾನರೂ ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೇ. ಮೊಣಕಾಲು ನೋವಿನಿಂದ ಏಳಲಾಗದ ಅತ್ತೆ ಕೂಸನ್ನು ಟೀವಿಯ ಮುಂದೆ ಕೂರಿಸುತ್ತಿದ್ದರು. ಗಲ್ಲಿಗೆ ಆಗಷ್ಟೇ ಕೇಬಲ್ ಬಂದಿತ್ತು. ಹಗಲೆಲ್ಲ ಚಿತ್ರ, ಹಗಲೆಲ್ಲ ಹಾಡು. ವೈಶಾಲಿ ಅಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. "ಎಷ್ಟ್ ಶಾಣ್ಯಾ ಹುಡುಗಿ" ಎಂದು ಬಂದವರು ಹೊಗಳಿದರೆ ನಾವು ಹಿಗ್ಗುತ್ತಿದ್ದೆವು. ಆದರೆ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡದಾದಾಗ ಹೆದರಿಕೆಯಾಯಿತು.

ಮಿರಜಿಗೆ ಕರೆದೊಯ್ದೆವು. ವಯಸ್ಸಾದ ಡಾಕ್ಟರು ಪರೀಕ್ಷೆ ಮಾಡಿ ಕಿವಿಯಲ್ಲೇನೂ ದೋಷವಿಲ್ಲ ಎಂದರು. ಆಮೇಲೆ ಕೇಳಿದರು, "ಮನ್ಯಾಗ ಈಕಿ ಜೋಡಿ ಮಾತಾಡವ್ರು ಯಾರ್ರಿ?"

ದಿನವೆಲ್ಲ ಶಾಲೆಯ ನಲವತ್ತು ಮಕ್ಕಳ ಜೊತೆ ಮಾತಾಡಿ ಬಂದವಳು ಮನೆಯಲ್ಲಿ ಬಾಯಿ ಮುಚ್ಚಿ ಬಿದ್ದುಕೊಳ್ಳುತ್ತಿದ್ದೆ.

ಸುದ್ದಿ ಕೇಳಿ ಅಕ್ಕಾತಾಯಿ ಬಂದಳು. ಟೀವಿಯ ಮುಂದೆ ಕೂತಿದ್ದ ವೈಶಾಲಿಯನ್ನು ಬಾಗಿಲಲ್ಲೇ ಕೂತು ಬಹಳ ಹೊತ್ತು ನೋಡಿದಳು.

"ನಾಳಿಯಿಂದ ನನ್ನ ಕಡೆ ಬಿಡ್ರಿ ಬಾಯಾರ," ಎಂದಳು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಹಾಗೆ. "ಸಂಜಿಗೆ ಸಾಲಿ ಬಿಟ್ಟ ಮ್ಯಾಲ ನೀವೂ ಬಂದು ಕುಂದ್ರಬೇಕು. ನಾ ಒಬ್ಬಾಕಿನ ಆಡಿಸಿದ್ರ ಕೂಸು ನನ್ನ ಹಚ್ಚಿಕೊಳ್ತೈತಿ. ನಿಮ್ಮನ್ನ ಹಚ್ಚಿಕೊಳ್ಳೂದಿಲ್ಲ."

"ಟೀವಿ ನೋಡಿದ್ರ ನಾಕ್ ಭಾಷಾ ಕಲೀತಾವಂತ," ಎಂದರು ನಮ್ಮ ಯಜಮಾನರು.

"ಅದು ಮಾತಾಡ್ತೈತ್ರಿ ಸಾಹೇಬ್ರ, ನಾ ಎಲ್ಲಿ ಇಲ್ಲಂದೆ? ಆದ್ರ ಕೂಸು ನಕ್ರ ಅದಕ ಕಾಣೂದಿಲ್ಲ."

ಅವರು ಎದ್ದು ಹೋಗಿ ಟೀವಿ ಆರಿಸಿದರು.

ಮೊದಲ ನಾಲ್ಕು ದಿನ ವೈಶಾಲಿ ಟೀವಿಗಾಗಿ ಗಲ್ಲಿಯೆಲ್ಲ ಕೇಳುವಂತೆ ಅತ್ತಳು. ಅಕ್ಕಾತಾಯಿ ಗದರಲಿಲ್ಲ, ಮುದ್ದು ಮಾಡಿ ಬಾಯಿ ಮುಚ್ಚಿಸಲೂ ಹೋಗಲಿಲ್ಲ. "ಅಳು ಮಗಳ. ನಾ ಎಲ್ಲಿ ಹೊಕ್ಕೀನಿ, ಇಲ್ಲೇ ಅದೀನಿ" ಎಂದು ಪಕ್ಕದಲ್ಲೇ ಕೂತಿದ್ದಳು. ಐದನೆಯ ದಿನ ಒಂದು ಹಿತ್ತಾಳೆಯ ತಂಬಿಗೆ, ಒಂದು ಬೊಗಸೆ ಗಜಗದ ಕಾಯಿ ತಂದಳು. ಒಂದು ಕಾಯಿ ತಂಬಿಗೆಗೆ ಬಿಟ್ಟರೆ ಟಣ್ ಎನ್ನುತ್ತಿತ್ತು. ಮತ್ತೊಂದು. ಮತ್ತೆ ಟಣ್. ಮೂರನೆಯದನ್ನು ಬೆರಳುಗಳ ನಡುವೆ ಹಿಡಿದು ಸುಮ್ಮನೆ ಕೂರುತ್ತಿದ್ದಳು. ವೈಶಾಲಿ ಗೋಡೆ ನೋಡುತ್ತಿದ್ದಳು. ಅಕ್ಕಾತಾಯಿ ಕಾಯುತ್ತಿದ್ದಳು. ನಾನು ಸಂಜೆ ಹೋಗಿ ಕೂತರೆ ನೋಡುವುದು ಅದನ್ನೇ. ಚಡಪಡಿಸಿ "ವೈಶು, ಇಲ್ನೋಡು" ಎಂದು ಕರೆಯಲು ಹೋದರೆ ನನ್ನ ಕೈ ಒತ್ತುತ್ತಿದ್ದಳು.

"ಕರೀಬ್ಯಾಡ್ರಿ. ಆಕೀನ ಬರ್ತಾಳ."

ಎಷ್ಟು ದಿನ ಹಾಗೆ ಕಳೆಯಿತೋ. ಈಗ ಎಲ್ಲವೂ ಒಂದೇ ಉದ್ದನೆಯ ಸಂಜೆಯಂತೆ ನೆನಪಿದೆ; ಎಲ್ಲೋ ಎಮ್ಮೆಗಳು ಮನೆಗೆ ಮರಳುವ ಸದ್ದು, ಹಿತ್ತಾಳೆಯ ಒಂದು ದನಿ, ಆಮೇಲೆ ಮೌನ. ಆ ಮೌನದೊಳಗೊಮ್ಮೆ ವೈಶಾಲಿ ತಿರುಗಿ ಕಾಯಿ ಹಿಡಿದ ಬೆರಳುಗಳನ್ನು ನೋಡಿದಳು. ಆಮೇಲೆ ಅಕ್ಕಾತಾಯಿಯ ಮುಖ ನೋಡಿದಳು. ಎದ್ದು ಬಂದು ಆಕೆಯ ಕೈಯನ್ನು ತಂಬಿಗೆಯ ಕಡೆ ದೂಡಿದಳು.

"ಹಾಕಲೇನ?" ಎಂದಳು ಅಕ್ಕಾತಾಯಿ, ಪಿಸುದನಿಯಲ್ಲಿ.

ಟಣ್.

ಅದು ಅವರಿಬ್ಬರ ಆಟವಾಯಿತು. ದಿನವೂ ಅಕ್ಕಾತಾಯಿ ಕೇಳುವುದು, ವೈಶಾಲಿ ಕೈ ದೂಡುವುದು. ತಿಂಗಳು ಕಳೆದಿರಬೇಕು, ಒಂದು ಸಂಜೆ ತಂಬಿಗೆ ನನ್ನ ಮುಂದೆ ಇಟ್ಟು ಆಕೆ ಹಿಂದೆ ಸರಿದಳು. ನಾನು ಕಾಯಿ ಹಿಡಿದು ಕೇಳಿದೆ, "ಹಾಕಲೇನ?" ಮಗಳು ನನ್ನ ಕಣ್ಣನ್ನೇ ನೋಡಿದಳು. ನಾನೂ ಕಾದೆ. ಅವಳ ತುಟಿ ಅಲುಗಿತು.

"ಹಾಕ."

ನನ್ನ ಕೈಯಲ್ಲಿದ್ದ ಕಾಯಿ ನೆಲಕ್ಕೆ ಬಿತ್ತು. ಅಳು ತಡೆಯಲಾಗಲಿಲ್ಲ. "ಬಾಯಾರ, ಅಳೂದು ಆಮ್ಯಾಲ. ಕೂಸು ಹಾಕಂದೈತಿ, ಮೊದ್ಲ ಹಾಕ್ರಿ" ಎಂದಳು ಅಕ್ಕಾತಾಯಿ.

ಆ ದಿನಗಳಲ್ಲಿ ಅತ್ತೆ ನಮ್ಮ ಕಣ್ಣು ತಪ್ಪಿಸುತ್ತಿದ್ದರು. ತಪ್ಪೆಲ್ಲ ತಮ್ಮದೆಂದು ಒಳಗೇ ಕುಗ್ಗಿದ್ದರು. ಅಕ್ಕಾತಾಯಿಗೆ ಅದು ಗೊತ್ತಾಗಿತ್ತು. ಒಂದು ಭಾನುವಾರ ಅವರನ್ನು ಕೈಹಿಡಿದು ಕರೆದೊಯ್ದು ತನ್ನ ಪಡಸಾಲೆಯ ಹೊರಸಿನ ಮೇಲೆ ಕೂರಿಸಿದಳು. "ಯಕ್ಕಾ, ನಿನಗ ಓಡಾಕ ಆಗೂದಿಲ್ಲ. ಬ್ಯಾಡ. ಅಡಗಿಕೊಳ್ಳಾಕ ನಿನ್ನ ಸೆರಗು ಕೊಡು, ಸಾಕು." ಅತ್ತೆಯ ಸೆರಗಿನೊಳಗೆ ವೈಶಾಲಿ ಅಡಗುವುದು, "ನನ್ನ ಮೊಮ್ಮಗಳು ಎಲ್ಲಿ ಹೋದ್ಳ?" ಎಂದು ಅತ್ತೆ ಹುಡುಕುವುದು. ಸೆರಗಿನೊಳಗಿಂದ ಕಿಲಕಿಲ ನಗೆ. ಅತ್ತೆಯ ಮುಖದಲ್ಲಿ ಎಷ್ಟೋ ತಿಂಗಳ ನಂತರ ನಗು ಕಂಡೆ. ಮನೆಯಲ್ಲಿ ಟೀವಿಯ ಮೇಲೆ ಕಸೂತಿ ಬಟ್ಟೆ ಹೊದಿಸಿದವರು ಅವರೇ. ಯಜಮಾನರು ರಾತ್ರಿ ಸುದ್ದಿಗಷ್ಟೇ ಅದನ್ನು ಸರಿಸುತ್ತಿದ್ದರು.

ಇದೆಲ್ಲ ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದೆ. ಮಡಿಲಲ್ಲಿದ್ದ ಕೂಸಿನ ಬೆರಳುಗಳನ್ನು ಬಿಡಿಸುತ್ತ, "ವಖಾರ್ಯಾಗ ನನ್ನ ಮಗಳ್ನ ಚೀಲದ ಮಗ್ಗಲ ಮಲಗಿಸಿರತಿದ್ದೆ. ಹರೇದ ವಯಸ್ಸು, ಕೆಲಸದ ಗಡಬಡಿ. ತಲಿ ಎತ್ತಿದ್ರ ಮುಕಾದಮ ಬೈತಿದ್ದ. ಅಕಿ ನನ್ನ ನೋಡಿ ನಗತಿದ್ಳು, ನಾ ಕೆಳಗ ಮಾರಿ ಹಾಕತಿದ್ದೆ. ಆಮ್ಯಾಲ ಆಮ್ಯಾಲ ನಗೂದ ಬಿಟ್ಳು," ಎಂದಳು. ಮಗಳು ಬೆಳೆದು ಇಚಲಕರಂಜಿಗೆ ಮದುವೆಯಾಗಿ ಹೋಗಿದ್ದಳು. "ಹಬ್ಬಕ್ಕ ಬರ್ತಾಳ್ರಿ. ಊಟಾ ಮಾಡ್ತಾಳ, ಹೋಗ್ತಾಳ. ಜಗಳಾನೂ ಮಾಡೂದಿಲ್ಲ." ಹೇಳುವಾಗ ಆಕೆಯ ದನಿಯಲ್ಲಿ ಏನೂ ಇರಲಿಲ್ಲ. ಆ ಸಂಜೆ ನಾನು ಮನೆಗೆ ಬಂದು ಮಗಳನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದೆ.

ವೈಶಾಲಿಗೆ ನಾಲ್ಕು ತುಂಬುವ ಹೊತ್ತಿಗೆ ನನಗೆ ಅಥಣಿ ತಾಲ್ಲೂಕಿನ ಐಗಳಿಗೆ ವರ್ಗವಾಯಿತು. ಒಂದೂವರೆ ವರ್ಷದ ನಂತರ ನಿಪ್ಪಾಣಿಗೆ ಹೋದಾಗ ಅಕ್ಕಾತಾಯಿ ಗೋಡೆಗೆ ಒರಗಿ ಕೂತಿದ್ದಳು. ಇಳಿದುಹೋಗಿದ್ದಳು, ಮಾತಿಗೆ ಮಾತಿಗೆ ಉಸಿರು ಹಿಡಿಯುತ್ತಿತ್ತು. ಪಡಸಾಲೆಯಲ್ಲಿ ಕೂಸುಗಳಿರಲಿಲ್ಲ.

"ಆಯಿ," ಎಂದು ಅಜ್ಜಿಯನ್ನು ಕರೆಯುವಂತೆ ಕರೆದು ವೈಶಾಲಿ ಆಕೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಶುರುಮಾಡಿದಳು. ಐಗಳಿಯ ದ್ರಾಕ್ಷಿ ತೋಟ, ಅಲ್ಲಿಯ ಒಂದು ಕರು, ಆ ಕರು ಹಗ್ಗ ಬಿಚ್ಚಿಕೊಂಡು ಓಡಿದ್ದು, ಇವಳು ಬೆನ್ನುಹತ್ತಿದ್ದು. ನಡುವೆ ಹೂವಿನ ಹೆಸರು, ಗೆಳತಿಯರ ಜಗಳ. ನೀರು ಹರಿದಂತೆ ಮಾತು. ಅಕ್ಕಾತಾಯಿ ಅವಳ ಮುಖದಿಂದ ಕಣ್ಣು ಕೀಳದೆ, "ಹೂಂ, ಮುಂದ?" ಎನ್ನುತ್ತಿದ್ದಳು.

"ಸಾಕ ವೈಶು, ಆಯಿ ದಣದಾಳ. ಬಸ್ಸಿಗೂ ಹೊತ್ತಾತು," ಎಂದೆ.

ಅಕ್ಕಾತಾಯಿ ಕೈಯೆತ್ತಿ ನನ್ನನ್ನು ತಡೆದಳು. "ಬಸ್ಸು ಇನ್ನೊಂದ ಬರ್ತೈತಿ ಬಾಯಾರ. ಹೇಳ್ಲಿ ಬಿಡ್ರಿ."

ಆ ಬಸ್ಸು ಹೋಯಿತು. ಮುಂದಿನದಕ್ಕೆ ನಾವು ಏಳಲೇಬೇಕಾಯಿತು. ಕರು ಇನ್ನೂ ದ್ರಾಕ್ಷಿ ತೋಟದಲ್ಲೇ ಇತ್ತು, ಸಿಕ್ಕಿರಲಿಲ್ಲ. "ಉಳಿದದ್ದು ಮುಂದಿನ ಸಲ ಹೇಳ್ತೀನಿ ಆಯಿ," ಎಂದಳು ವೈಶಾಲಿ.

"ಹೇಳು ಮಗಳ. ನಾ ಇಲ್ಲೇ ಅದೀನಿ."

ದೀಪಾವಳಿಗೆ ಇನ್ನೂ ವಾರವಿತ್ತು, ಅಕ್ಕಾತಾಯಿ ತೀರಿಕೊಂಡಳೆಂದು ಅತ್ತೆಗೆ ನಿಪ್ಪಾಣಿಯಿಂದ ಸುದ್ದಿ ಬಂತು. ನಾನು ಅದನ್ನು ವೈಶಾಲಿಗೆ ಹೇಳಿದಾಗ ಅವಳು ನನಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತಳು. ನಾನು ಕರೆಯಲಿಲ್ಲ, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡೆ. ಬಿಸಿಲು ಇಳಿಯುವಾಗ ಅವಳೇ ನನ್ನ ಕಡೆ ತಿರುಗಿ, ಆ ಕರು ಕೊನೆಗೆ ಹೇಗೆ ಸಿಕ್ಕಿತೆಂದು ಹೇಳತೊಡಗಿದಳು.